ಪೈಲಟ್ ಸೀಟಿನ ಆಚೆಗೆ

ಸಣ್ಣ ವಿಮಾನವೊಂದು ಎಲ್ಲಿಯಾದರೂ ಬಿದ್ದರೆ, ಅದು ಯಾಕೆ ಬಿತ್ತೆಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿಬಿಟ್ಟಿರುತ್ತದೆ. ತನಿಖೆ ಮಾಡಬೇಕಾದವರು ಇನ್ನೂ ದಿಲ್ಲಿಯಿಂದ ಹೊರಟಿರುವುದಿಲ್ಲ. ಅಷ್ಟರಲ್ಲಿ ಟಿವಿಯಲ್ಲಿ, ವಾಟ್ಸಾಪ್‌ನಲ್ಲಿ, ಚಹಾದಂಗಡಿಯಲ್ಲಿ ತೀರ್ಪು ಹೊರಬಿದ್ದಾಗಿರುತ್ತದೆ. ಆ ತೀರ್ಪು ಬಹುಮಟ್ಟಿಗೆ ಒಂದೇ: ಹಾರಿಸುತ್ತಿದ್ದವನು ತಪ್ಪು ಮಾಡಿದ. 2023ರ ಮೇ 30ರಂದು ನಮ್ಮ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿದಾಗಲೂ ಹೀಗೆಯೇ ಆಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾಗಿದ್ದರು. ಆದರೂ ಅಂದು ಸಂಜೆ ಮೂರನೇ ರೈಲ್ವೆ ಗೇಟಿನ ಹತ್ತಿರ ಚಹಾ ಕುಡಿಯುತ್ತ ನಿಂತವರು "ಕಲಿಯೋ ಹುಡುಗರು, ಏನರ ತಪ್ಪ ಒತ್ತಿರ್ತಾರ" ಎಂದು ಪ್ರಕರಣವನ್ನು ಮುಗಿಸಿಬಿಟ್ಟರು. ಆ ಇಬ್ಬರು ಬದುಕಿದ್ದಾರೆ. ಕೇಳಿದರೆ ತಮ್ಮ ಕಡೆಯ ಮಾತನ್ನು ಹೇಳಬಲ್ಲರು. ಸತ್ತಿದ್ದರೆ ಚಹಾದಂಗಡಿಯ ಆ ಒಂದು ಸಾಲೇ ಅವರ ತಂದೆತಾಯಿಯ ಕಿವಿಗೆ ಕೊನೆಯವರೆಗೆ ಬೀಳುತ್ತಿತ್ತು.

ನಾನು ವಿಮಾನದ ಮನುಷ್ಯನಲ್ಲ. ಉದ್ಯಮಬಾಗದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ, ಮುರಿದು ವಾಪಸು ಬಂದ ಬಿಡಿಭಾಗಗಳು ಯಾಕೆ ಮುರಿದವೆಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಅಲ್ಲಿಯೂ ಇದೇ ಕಥೆ. ಶಾಫ್ಟ್ ಮುರಿದರೆ ಡ್ರೈವರ್ ಓವರ್‌ಲೋಡ್ ಮಾಡಿದ, ಗೇರ್ ಹಲ್ಲು ಹೋದರೆ ಆಪರೇಟರ್ ಸರಿಯಾಗಿ ನಡೆಸಲಿಲ್ಲ ಎಂಬ ಪತ್ರ ಮೊದಲು ಬರುತ್ತದೆ, ಮುರಿದ ತುಂಡು ಆಮೇಲೆ ಬರುತ್ತದೆ. ಹಾಗಾಗಿ ವಿಮಾನ ಅಪಘಾತಗಳ ತನಿಖಾ ವರದಿಗಳನ್ನು ಓದುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಅವು ಸಾರ್ವಜನಿಕವಾಗಿ ಸಿಗುತ್ತವೆ, ಒಣ ಭಾಷೆಯಲ್ಲಿರುತ್ತವೆ, ಓದುವವರು ಕಡಿಮೆ. ಓದುತ್ತ ಹೋದಂತೆ ನನಗೆ ಕಂಡದ್ದು ಇಷ್ಟು: ಒಂದು ತನಿಖೆ ಒಳ್ಳೆಯದೋ ಅಲ್ಲವೋ ಎಂಬುದನ್ನು ಅದು ತನ್ನ ಪ್ರಶ್ನೆಯನ್ನು ಎಲ್ಲಿಗೆ ನಿಲ್ಲಿಸುತ್ತದೆ ಎಂಬುದರಿಂದ ಅಳೆಯಬೇಕು. ಪೈಲಟ್‌ನ ಸೀಟಿನ ತನಕ ಹೋಗಿ ನಿಂತ ತನಿಖೆಗೂ ಚಹಾದಂಗಡಿಯ ತೀರ್ಪಿಗೂ ಇರುವ ಅಂತರ ಪುಟಗಳ ಸಂಖ್ಯೆಯದು ಮಾತ್ರ.

ಮಾತನಾಡದ ಯಂತ್ರ

ದೊಡ್ಡ ವಿಮಾನ ಬಿದ್ದಾಗ ಎಲ್ಲರೂ ಬ್ಲ್ಯಾಕ್ ಬಾಕ್ಸ್ ಸಿಕ್ಕಿತೇ ಎಂದು ಕೇಳುತ್ತಾರೆ. ಸಣ್ಣ ವಿಮಾನದಲ್ಲಿ ಅದು ಸಾಮಾನ್ಯವಾಗಿ ಇರುವುದೇ ಇಲ್ಲ. ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನ ತುಂಬಿ ಹೊರಟಾಗ ತೂಗುವುದು ಸುಮಾರು 1,100 ಕಿಲೋ. 5,700 ಕಿಲೋದ ಗಡಿಗಿಂತ ಎಷ್ಟೋ ಕೆಳಗಿರುವ ಇಂಥ ಪಿಸ್ಟನ್ ಎಂಜಿನ್ನಿನ ವಿಮಾನಗಳಿಗೆ ಧ್ವನಿ ಮತ್ತು ಹಾರಾಟದ ರೆಕಾರ್ಡರುಗಳು ಸಾಮಾನ್ಯವಾಗಿ ಕಡ್ಡಾಯವಲ್ಲ. ಹೊಸ ವಿಮಾನಗಳ ಡಿಜಿಟಲ್ ಪರದೆಯ ಹಿಂದೆ ಒಂದು ಮೆಮೊರಿ ಕಾರ್ಡ್ ಇದ್ದು, ಅದು ಸುಡದೆ ಉಳಿದರೆ ಅದೃಷ್ಟ. ಹಳೆಯ ಗಡಿಯಾರ-ಮುಳ್ಳಿನ ಡಯಲುಗಳ ವಿಮಾನವಾದರೆ ತನಿಖಾಧಿಕಾರಿಗೆ ಉಳಿಯುವುದು ಹೊಲ ಮತ್ತು ಹೊಲದಲ್ಲಿ ಬಿದ್ದ ಲೋಹ ಮಾತ್ರ.

ಆದರೆ ಆ ಲೋಹದಲ್ಲಿ ಬಹಳಷ್ಟು ಬರೆದಿರುತ್ತದೆ. ಎಂಜಿನ್ ಶಕ್ತಿಯಿಂದ ತಿರುಗುತ್ತಿರುವಾಗ ಪ್ರೊಪೆಲ್ಲರ್ ನೆಲಕ್ಕೆ ಬಡಿದರೆ ಅದರ ಅಲಗುಗಳು ತಿರುಚಿಕೊಂಡು ಬಾಗುತ್ತವೆ, ಅಲಗಿನ ಉದ್ದಕ್ಕೆ ಅಡ್ಡವಾಗಿ ಗೀರುಗಳು ಬೀಳುತ್ತವೆ, ಉತ್ತ ಮಣ್ಣಿನಲ್ಲಿ ಸಮ ಅಂತರದ ಕಡಿತಗಳು ಮೂಡುತ್ತವೆ. ಆ ಕಡಿತಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದರೆ, ವಿಮಾನದ ವೇಗ ಗೊತ್ತಿದ್ದಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿತ್ತೆಂದು ಲೆಕ್ಕ ಹಾಕಬಹುದು. ಎಂಜಿನ್ ನಿಂತಿದ್ದರೆ ಒಂದು ಅಲಗು ಸುಮ್ಮನೆ ಹಿಂದಕ್ಕೆ ಬಾಗಿರುತ್ತದೆ, ಇನ್ನೊಂದು ಹಾಗೆಯೇ ಇರುತ್ತದೆ. ಎಚ್ಚರಿಕೆಯ ಪುಟ್ಟ ಬಲ್ಬು ಬಡಿತದ ಕ್ಷಣದಲ್ಲಿ ಉರಿಯುತ್ತಿದ್ದರೆ ಅದರ ಬಿಸಿ ತಂತಿ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಆರಿದ್ದರೆ ತಣ್ಣನೆಯ ತಂತಿ ಪಟಕ್ಕನೆ ತುಂಡಾಗಿರುತ್ತದೆ. ಡಯಲಿನ ಮುಳ್ಳು ಬಡಿತಕ್ಕೆ ಹಿಂದಿನ ತಟ್ಟೆಗೆ ತಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಗುರುತನ್ನು ಬಿಟ್ಟಿರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಹಿಡಿದರೆ ಆ ಹೊತ್ತಿನ ವೇಗ ಎಷ್ಟೆಂದು ತಿಳಿಯುತ್ತದೆ. ಸುತ್ತಲಿನ ಗಿಡಗಳ ಎಲೆ ಒಂದೆರಡು ದಿನದಲ್ಲಿ ಕಂದಿದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು, ಅದು ಚೆಲ್ಲಿತು ಎಂದರ್ಥ. ಮುರಿದ ಕೊಂಬೆಗಳ ಎತ್ತರಗಳನ್ನು ಒಂದರ ಹಿಂದೊಂದು ಗುರುತು ಹಾಕಿದರೆ ವಿಮಾನ ಯಾವ ಕೋನದಲ್ಲಿ ಇಳಿಯಿತೆಂಬ ಗೆರೆ ಸಿಗುತ್ತದೆ.

ಇದೆಲ್ಲ ಎಷ್ಟು ನಾಜೂಕಿನ ಸಾಕ್ಷ್ಯವೆಂದರೆ, ಇನ್ನೂರು ಜನ ಒಂದು ಗಂಟೆ ಅಲ್ಲಿ ಓಡಾಡಿದರೆ ಅರ್ಧ ಅಳಿಸಿಹೋಗುತ್ತದೆ. ಮಣ್ಣಿನ ಕಡಿತ ಕಾಲಡಿಗೆ ಸಿಕ್ಕು ಹೋಗುತ್ತದೆ. ಸೆಲ್ಫಿಗಾಗಿ ಯಾರೋ ಅಲಗನ್ನು ಹಿಡಿದು ತಿರುಗಿಸಿರುತ್ತಾರೆ. ಇನ್ನಾರೋ ಅಂಗೈಯಗಲದ ತಗಡೊಂದನ್ನು ನೆನಪಿಗೆಂದು ಮನೆಗೊಯ್ದಿರುತ್ತಾರೆ. ವಿಮಾನ ಗಾಳಿಯಲ್ಲೇ ಮುರಿಯಲಾರಂಭಿಸಿದ್ದರೆ ಮೊದಲು ಕಳಚಿದ ತುಂಡು ಬಹಳ ಸಲ ಮುಖ್ಯ ಅವಶೇಷದಿಂದ ದೂರದಲ್ಲಿ, ಹಾರಿಬಂದ ದಾರಿಯ ಹಿಂದೆ ಬಿದ್ದಿರುತ್ತದೆ. ಕಾರಣವಿರುವುದು ಅದರಲ್ಲಿ, ಸುಲಭವಾಗಿ ಕಳೆದುಹೋಗುವುದೂ ಅದೇ.

ಕೇಳಿದ್ದು, ಕೇಳಿಸದೆ ಹೋದದ್ದು

ಇನ್ನು ಕಣ್ಣಾರೆ ಕಂಡವರ ಮಾತು. ನನ್ನ ಸೋದರಮಾವನ ಹೊಲ ಸಾಂಬ್ರಾದ ಆಚೆ, ಮಾರಿಹಾಳದ ಕಡೆಗಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ತರಬೇತಿಗೆಂದು ಕಟ್ಟಿದ ನಿಲ್ದಾಣ ಸಾಂಬ್ರಾದ್ದು. ಈಗ ಅದರ ಮಗ್ಗುಲಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ, ಇತ್ತೀಚಿನ ವರ್ಷಗಳಲ್ಲಿ ಖಾಸಗಿ ಪೈಲಟ್ ತರಬೇತಿಯೂ ಸೇರಿಕೊಂಡಿದೆ. ವಿಮಾನ ನಿಲ್ದಾಣ ಪ್ರಾಧಿಕಾರ ಇಂಥ ಶಾಲೆಗಳಿಗೆಂದು ಮೊದಲು ಆರಿಸಿದ ಐದು ಊರುಗಳಲ್ಲಿ ಬೆಳಗಾವಿಯೂ ಒಂದು, ಕಲಬುರಗಿಯೂ ಒಂದು. ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕಾದ್ದರಿಂದ ಹುಡುಗ ಹುಡುಗಿಯರು ಬೆಳಗಿನಿಂದ ತಲೆಯ ಮೇಲೆ ಸುತ್ತುತ್ತಲೇ ಇರುತ್ತಾರೆ. ಮಾಮಾನಿಗೆ ಆ ಸಪ್ಪಳ ಪಂಪ್‌ಸೆಟ್ಟಿನ ಸಪ್ಪಳದಷ್ಟೇ ರೂಢಿ.

ಒಂದು ದಿನ ನಾವಿಬ್ಬರೂ ಬದುವಿನ ಮೇಲೆ ಕುಳಿತು ಸೋಯಾಬೀನ್ ದರದ ಬಗ್ಗೆ ಮಾತಾಡುತ್ತಿದ್ದಾಗ ಮೇಲಿನ ಸಪ್ಪಳ ಒಮ್ಮೆಲೇ ಕುಸಿಯಿತು. ಮಾಮಾ ಮಾತು ನಿಲ್ಲಿಸಿ ಹಣೆಗೆ ಕೈ ಹಿಡಿದು ಮೇಲೆ ನೋಡಿದ. "ಇಂಜಿನ್ ಬಂದ್ ಬಿತ್ತಲ್ಲೋ ಅಳಿಯಾ." ವಿಮಾನ ಮೂಗು ತಗ್ಗಿಸಿ ನಮ್ಮತ್ತಲೇ ಜಾರುತ್ತ ಬಂತು, ಕಬ್ಬಿನ ಮೇಲೆ ಸಾಕಷ್ಟು ಎತ್ತರದಲ್ಲಿರುವಾಗಲೇ ಮತ್ತೆ ಗುರ್ರೆಂದು ಏರಿಹೋಯಿತು. ಅದು ಪಾಠದ ಭಾಗ. ಶಿಕ್ಷಕ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಮಾಡುವ ಥ್ರಾಟಲನ್ನು ಹಿಂದಕ್ಕೆಳೆದು, "ಈಗ ಎಂಜಿನ್ ಹೋಯಿತೆಂದುಕೋ, ಎಲ್ಲಿ ಇಳಿಸುತ್ತೀ ತೋರಿಸು" ಎನ್ನುತ್ತಾನೆ. ವಿದ್ಯಾರ್ಥಿ ಹೊಲವೊಂದನ್ನು ಆರಿಸಿಕೊಂಡು ಅತ್ತ ಜಾರಿಸುತ್ತಾನೆ. ಇಂಥ ವಿಮಾನ 300 ಮೀಟರ್ ಎತ್ತರದಿಂದ, ಎಂಜಿನ್ ಇಲ್ಲದೆ, ಗಾಳಿ ಅನುಕೂಲವಾಗಿದ್ದರೆ ಎರಡೂವರೆ ಕಿಲೋಮೀಟರಿನಷ್ಟು ಜಾರಬಲ್ಲದು. ಎಂಜಿನ್ ನಿಂತಿರಲೇ ಇಲ್ಲ, ನಿಧಾನಕ್ಕೆ ತಿರುಗುತ್ತಿತ್ತು ಎಂದು ನಾನು ಎಷ್ಟು ಹೇಳಿದರೂ ಮಾಮಾ ಒಪ್ಪಲಿಲ್ಲ. "ನನ್ನ ಕಿವೀಲೆ ಕೇಳೇನಿ, ಬಂದ್ ಆಗಿತ್ತು. ದೇವರ ದಯಾದಿಂದ ಮತ್ತ ಚಾಲೂ ಆತು." ಆ ದಿನ ಆ ವಿಮಾನ ಬಿದ್ದಿದ್ದರೆ ಪೊಲೀಸರ ಮುಂದೆ ಆತ ಅದನ್ನೇ ಹೇಳುತ್ತಿದ್ದ, ಪ್ರಾಮಾಣಿಕವಾಗಿಯೇ ಹೇಳುತ್ತಿದ್ದ. ತನಿಖಾಧಿಕಾರಿಗಳು ಕಣ್ಣಾರೆ ಕಂಡವರ ಹೇಳಿಕೆ ಪಡೆದ ಮೇಲೂ ಪ್ರೊಪೆಲ್ಲರಿನ ಗೀರುಗಳನ್ನು ನೋಡಲು ಹೋಗುವುದು ಇದಕ್ಕೇ. ಬಡಿದ ಮೇಲೆ ಎದ್ದ ಬೆಂಕಿಯನ್ನು "ಆಕಾಶದಲ್ಲೇ ಉರಿಯುತ್ತಿತ್ತು" ಎಂದು ಹೇಳುವ ಸಾಕ್ಷಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಜೋಡಿಸಬಾರದ ತುಂಡುಗಳು

ನಮ್ಮ ಲ್ಯಾಬಿಗೆ ಒಮ್ಮೆ ಎರಡು ತುಂಡಾದ ಕ್ರ್ಯಾಂಕ್‌ಶಾಫ್ಟೊಂದನ್ನು ಗಿರಾಕಿಯ ಕಡೆಯವರೊಬ್ಬರು ಗೋಣಿಚೀಲದಲ್ಲಿ ಸುತ್ತಿ ತಂದರು. ಜತೆಗಿದ್ದ ಪತ್ರದಲ್ಲಿ ಡ್ರೈವರ್ ಮಿತಿ ಮೀರಿ ಲೋಡ್ ಹಾಕಿದ್ದರಿಂದ ಮುರಿದಿದೆ, ಇದಕ್ಕೆ ನಿಮ್ಮ ಒಪ್ಪಿಗೆ ಕೊಡಿ ಎಂದಿತ್ತು. ಬಂದವರು ಮೇಜಿನ ಮೇಲೆ ಎರಡೂ ತುಂಡುಗಳನ್ನಿಟ್ಟು, "ನೋಡ್ರಿ, ಹೆಂಗ ಬರೋಬ್ಬರಿ ಕೂಡತೈತಿ" ಎಂದು ಒಂದನ್ನೊಂದಕ್ಕೆ ಒತ್ತಿ ಹಿಡಿಯಹೋದರು. ನಮ್ಮ ಹಿರಿಯರು ಕುರ್ಚಿಯಿಂದೆದ್ದು "ಏ, ಜೋಡಿಸಬ್ಯಾಡ್ರಿ ಅದನ್ನ!" ಎಂದು ಕೂಗಿದ ದನಿ ಪಕ್ಕದ ಶಾಪಿಗೂ ಕೇಳಿಸಿತ್ತು. ಮುರಿದ ಮುಖದ ಮೇಲೆ ಕೂದಲೆಳೆಗಿಂತ ತೆಳುವಾದ ಏಣುಗಳಿರುತ್ತವೆ. ಎರಡು ಮುಖಗಳನ್ನು ಸೇರಿಸಿ ಉಜ್ಜಿದರೆ ಅವು ಅರೆದುಹೋಗುತ್ತವೆ, ಆಮೇಲೆ ಎಷ್ಟು ದೊಡ್ಡ ಸೂಕ್ಷ್ಮದರ್ಶಕ ತಂದರೂ ಪ್ರಯೋಜನವಿಲ್ಲ.

ಆ ಮುಖವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಕಂಡದ್ದು ಹೀಗಿತ್ತು. ಎಣ್ಣೆ ಹರಿಯುವ ರಂಧ್ರದ ಅಂಚಿನಲ್ಲಿ ಒಂದು ಬಿಂದು. ಆ ಬಿಂದುವಿನಿಂದ ಹೊರಟು ಒಂದರಾಚೆಗೊಂದು ಬಾಗುತ್ತ ಹೋದ ನಯವಾದ ಗೆರೆಗಳು. ನಾವು ಅವನ್ನು ಬೀಚ್ ಮಾರ್ಕ್ ಎನ್ನುತ್ತೇವೆ. ಶಾಫ್ಟಿನ ಮುಕ್ಕಾಲು ಭಾಗ ಆ ಗೆರೆಗಳೇ. ಉಳಿದ ಕಾಲು ಭಾಗ ಮಾತ್ರ ಹರಳುಹರಳಾಗಿ, ಒರಟಾಗಿ, ಒಮ್ಮೆಲೇ ಹರಿದದ್ದು. ಓವರ್‌ಲೋಡಿನಿಂದ ಮುರಿದಿದ್ದರೆ ಇಡೀ ಮುಖ ಒರಟಾಗಿರಬೇಕಿತ್ತು. ಇದು ತಿಂಗಳುಗಟ್ಟಲೆ, ಪ್ರತಿ ಓಟಕ್ಕೂ ಒಂದಿಷ್ಟು ಮುಂದುವರಿದ ಬಿರುಕು. ಡ್ರೈವರ್ ಆ ದಿನ ಖಾಲಿ ಗಾಡಿ ಓಡಿಸಿದ್ದರೂ ಅಲ್ಲಿಂದ ಸ್ವಲ್ಪ ದೂರದಲ್ಲಿ ಅದು ಮುರಿಯುತ್ತಿತ್ತು. ಬಿರುಕು ಹುಟ್ಟಿದ ಬಿಂದುವಿನಲ್ಲಿ ಡ್ರಿಲ್ಲಿನ ಚೂಪು ಅಂಚು ಹಾಗೆಯೇ ಉಳಿದಿತ್ತು. ಹಾಗಾದರೆ ಮಷಿನ್ ಶಾಪಿನ ಹುಡುಗನ ತಪ್ಪೇ? ಡ್ರಾಯಿಂಗ್ ತರಿಸಿ ನೋಡಿದರೆ ಆ ಅಂಚನ್ನು ಉರುಟು ಮಾಡಬೇಕೆಂಬ ಸೂಚನೆಯೇ ಅದರಲ್ಲಿರಲಿಲ್ಲ. ಡ್ರೈವರಿನಿಂದ ಹೊರಟ ಪ್ರಶ್ನೆ ಡ್ರಾಯಿಂಗ್ ಆಫೀಸಿನಲ್ಲಿ ಹೋಗಿ ನಿಂತಿತು. ಪತ್ರಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಡ್ರೈವರಿನ ಸಂಬಳ ಕಡಿತವಾಗುತ್ತಿತ್ತು, ಮತ್ತೆ ಅದೇ ಡ್ರಾಯಿಂಗಿನ ಮೇಲೆ ಮುಂದಿನ ಶಾಫ್ಟುಗಳು ತಯಾರಾಗುತ್ತಿದ್ದವು.

ಅಮೆರಿಕದ ಫ್ಲೋರಿಡಾದ ಒಂದು ತನಿಖಾ ವರದಿಯನ್ನು ಓದುವಾಗ ನನಗೆ ಈ ಶಾಫ್ಟು ಮತ್ತೆ ಕಣ್ಣ ಮುಂದೆ ಬಂತು. 2018ರ ಏಪ್ರಿಲ್ 4ರಂದು ಡೇಟೋನಾ ಬೀಚಿನಲ್ಲಿ ವಿಮಾನಯಾನ ವಿಶ್ವವಿದ್ಯಾಲಯವೊಂದರ ಪೈಪರ್ ಪಿಎ-28 ವಿಮಾನದಲ್ಲಿ ಒಬ್ಬ ವಿದ್ಯಾರ್ಥಿ ವಾಣಿಜ್ಯ ಲೈಸೆನ್ಸಿನ ಪರೀಕ್ಷೆ ಕೊಡುತ್ತಿದ್ದ, ಪಕ್ಕದಲ್ಲಿ ಪರೀಕ್ಷಕ. ರನ್‌ವೇಗೆ ತಾಗಿಸಿ ಮತ್ತೆ ಮೇಲೇರುವಾಗ ಎಡ ರೆಕ್ಕೆ ಕಳಚಿಬಿತ್ತು. ಇಬ್ಬರೂ ಸತ್ತರು. ಪರೀಕ್ಷೆಗೆ ಕೂತ ಹುಡುಗನೆಂದರೆ ಚಹಾದಂಗಡಿಗೆ ಬೇರೆ ಪುರಾವೆ ಬೇಕಾಗುವುದಿಲ್ಲ. ಆದರೆ ರೆಕ್ಕೆಯನ್ನು ಒಡಲಿಗೆ ಹಿಡಿದಿಡುವ ಮುಖ್ಯ ತೊಲೆಯ ಕೆಳಪಟ್ಟಿಯಲ್ಲಿ, ಬೋಲ್ಟಿನ ರಂಧ್ರದ ಅಂಚಿನಲ್ಲಿ ಅದೇ ಬಿಂದು, ಅದೇ ಬಾಗಿದ ಗೆರೆಗಳು. ಲೋಹದ ದಣಿವು. ವಿಮಾನಕ್ಕೆ ಆಗ ಕೇವಲ 11 ವರ್ಷ, ಹಾರಿದ್ದು 7,600 ಗಂಟೆಗಿಂತ ಸ್ವಲ್ಪ ಹೆಚ್ಚು. ಖಾಸಗಿ ಮಾಲೀಕನೊಬ್ಬ ಇಡೀ ಜೀವಮಾನದಲ್ಲಿಯೂ ಹಾರಲಾರದಷ್ಟು. ತರಬೇತಿ ವಿಮಾನ ಇಳಿಯುವುದು, ಏರುವುದು, ನೆಲಕ್ಕೆ ಬಡಿಯುವುದು, ತಗ್ಗಿನ ಕುಲುಕಾಟದ ಗಾಳಿಯಲ್ಲಿ ಸುತ್ತುವುದು ಎಲ್ಲವನ್ನೂ ಮಿಕ್ಕ ವಿಮಾನಗಳಿಗಿಂತ ಹಲವು ಪಟ್ಟು ಹೆಚ್ಚು ಮಾಡುತ್ತದೆ. ಬಿರುಕು ಇದ್ದ ಜಾಗ ಮಾಮೂಲಿ ತಪಾಸಣೆಯ ಕಣ್ಣಿಗೆ ಕಾಣುವಂಥದ್ದಲ್ಲ, ರೆಕ್ಕೆ ಬಿಚ್ಚಬೇಕು. ಅದೇ ಶಾಲೆಯ ಇನ್ನೊಂದು ವಿಮಾನವನ್ನು ಬಿಚ್ಚಿ ನೋಡಿದಾಗ ಅದರಲ್ಲಿಯೂ ಬಿರುಕು ಸಿಕ್ಕಿತು. ಆ ವಿಮಾನದಲ್ಲಿ ಅಂದಿನವರೆಗೂ ಮಕ್ಕಳು ಕಲಿಯುತ್ತಿದ್ದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಅದನ್ನು ದುರದೃಷ್ಟವೆನ್ನಬಹುದಿತ್ತು. ಆದರೆ 1987ರಲ್ಲಿ ಟೆಕ್ಸಾಸಿನಲ್ಲಿ ಪೈಪ್‌ಲೈನ್ ಕಾವಲಿಗೆಂದು ತಗ್ಗಿನಲ್ಲಿ ಹಾರುತ್ತಿದ್ದ ಇದೇ ಕುಟುಂಬದ ಪೈಪರ್ ವಿಮಾನವೊಂದರ ರೆಕ್ಕೆ ಇದೇ ರೀತಿ ಕಳಚಿತ್ತು. ಆಗ ಅಲ್ಲಿನ ವಿಮಾನಯಾನ ಆಡಳಿತ ಇಂಥ ವಿಮಾನಗಳ ರೆಕ್ಕೆ ತಪಾಸಣೆ ಮಾಡಬೇಕೆಂದು ಆದೇಶ ಹೊರಡಿಸಿತು. ನೂರಾರು ವಿಮಾನಗಳನ್ನು ನೋಡಿದರೂ ಬಿರುಕು ಸಿಕ್ಕಿದ್ದು ತೀರ ವಿರಳವಾದ್ದರಿಂದ 1989ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. ಮೂರು ದಶಕದ ಮೇಲೆ ಡೇಟೋನಾ ಬೀಚ್. ಆಮೇಲೆ, 2021ರಲ್ಲಿ, ನಿಗದಿತ ಬಳಕೆ ದಾಟಿದ ಪೈಪರುಗಳ ಬೋಲ್ಟ್ ರಂಧ್ರಗಳನ್ನು, ಲೋಹದಲ್ಲಿ ವಿದ್ಯುತ್ ಸುಳಿ ಹುಟ್ಟಿಸಿ ಬಿರುಕು ಹುಡುಕುವ ಎಡ್ಡಿ ಕರೆಂಟ್ ವಿಧಾನದಿಂದ ಪರೀಕ್ಷಿಸಲೇಬೇಕೆಂಬ ಆದೇಶ ಜಾರಿಗೆ ಬಂತು. ನಮ್ಮ ಲ್ಯಾಬಿನಲ್ಲಿಯೂ ಆ ಉಪಕರಣವಿದೆ. ರಂಧ್ರದೊಳಗೆ ಪೆನ್ನಿನಷ್ಟು ದಪ್ಪದ ಕಡ್ಡಿ ತಿರುಗಿಸಿ ಪರದೆಯ ಗೆರೆ ನೆಗೆಯುತ್ತದೆಯೇ ಎಂದು ನೋಡುವ ಕೆಲಸ, ರೂಢಿಯಿದ್ದವರಿಗೆ ಒಂದು ರಂಧ್ರಕ್ಕೆ ಕೆಲವೇ ನಿಮಿಷ. 1989ರಲ್ಲಿ ಆ ಆದೇಶ ಹಿಂತೆಗೆದುಕೊಂಡವರನ್ನು ನಾನು ಖಳರೆನ್ನಲಾರೆ. ಅವರ ಮುಂದೆ ಇದ್ದ ಅಂಕಿಗಳು ಹಾಗಿದ್ದವು, ಪ್ರತಿ ತಪಾಸಣೆಗೆ ರೆಕ್ಕೆ ಬಿಚ್ಚುವುದರಿಂದಲೂ ರಂಧ್ರಗಳಿಗೆ ಪೆಟ್ಟಾಗುವ ಅಪಾಯವಿತ್ತು. ಆದರೆ ಪ್ರಶ್ನೆ ಅಲ್ಲಿಯತನಕ ಹೋಗಿದ್ದರಿಂದಲೇ ಆ ನಿರ್ಧಾರವನ್ನು ಇಂದು ಯಾರಾದರೂ ಮತ್ತೆ ಎತ್ತಿ ನೋಡಬಹುದಾಗಿದೆ.

ಬಿಡದಿ, ಜಕ್ಕೂರು

ನಮ್ಮ ರಾಜ್ಯದಲ್ಲೇ ಇದಕ್ಕಿಂತ ಕಷ್ಟದ ಒಂದು ಉದಾಹರಣೆಯಿದೆ. 2009ರ ಮಾರ್ಚ್ 6ರಂದು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ 'ಸರಸ್' ಲಘು ಸಾರಿಗೆ ವಿಮಾನದ ಎರಡನೇ ಮಾದರಿ ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ ಬಿದ್ದು ವಾಯುಪಡೆಯ ಮೂವರು ಸತ್ತರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಹಾರಾಟದಲ್ಲಿಯೇ ಒಂದು ಎಂಜಿನ್ನನ್ನು ಬೇಕೆಂದೇ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಹೊತ್ತಿಸುವಾಗ ವಿಮಾನ ಹತೋಟಿ ತಪ್ಪಿ ಎತ್ತರ ಕಳೆದುಕೊಂಡಿತು. ಕೈ ಪೈಲಟ್‌ಗಳದು, ಗುಂಡಿ ಒತ್ತಿದವರು ಅವರು. ಅಷ್ಟಕ್ಕೆ ನಿಲ್ಲಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ತನಿಖೆ ಹಾಗೆ ನಿಲ್ಲಲಿಲ್ಲ. ಎಂಜಿನ್ ಮತ್ತೆ ಹೊತ್ತಿಸುವ ಕ್ರಮವನ್ನು ವಿನ್ಯಾಸ ಮಾಡಿದವರೇ ತಪ್ಪಾಗಿ ರೂಪಿಸಿದ್ದರು, ಸಿಬ್ಬಂದಿ ಅದೇ ಕ್ರಮವನ್ನು ಸಾಕಷ್ಟು ಎತ್ತರವಿಲ್ಲದಿರುವಾಗ ಅನುಸರಿಸಿದರು ಎಂಬುದು ಅದರ ನಿರ್ಣಯ. ಸಿಬ್ಬಂದಿಯ ಪಾಲನ್ನು ಅದು ಮುಚ್ಚಿಡಲಿಲ್ಲ. ಅವರ ಕೈಗೆ ಆ ಕಾಗದವನ್ನು ಕೊಟ್ಟವರ ಮೇಜಿನ ತನಕವೂ ಹೋಯಿತು. ಈ ಯೋಜನೆ ವರ್ಷಗಟ್ಟಲೆ ಸ್ಥಗಿತವಾಗಿ, ಮಾರ್ಪಾಡಾದ ಸರಸ್ ಮತ್ತೆ ಹಾರಿದ್ದು 2018ರ ಜನವರಿಯಲ್ಲಿ.

ನಟಿ ಸೌಂದರ್ಯ ಅವರನ್ನು ಕನ್ನಡಿಗರು ಮರೆತಿಲ್ಲ. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆ ಕರೀಂನಗರದತ್ತ ಹೊರಟ ಸೆಸ್ನಾ 180 ಹಾರಿದ ಕೆಲವೇ ಕ್ಷಣಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು ನಾಲ್ವರೂ ಸತ್ತರು. ಆ ಸಾವಿನ ಸುತ್ತ ಇಂದಿಗೂ ಹೊಸಹೊಸ ಕಥೆಗಳು ಹುಟ್ಟುತ್ತಿವೆ. ಆಕೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ನನ್ನ ಗೆಳೆಯರಲ್ಲಿ ಒಬ್ಬರೂ ತನಿಖೆ ಏನು ಹೇಳಿತೆಂದು ಕೇಳಿದವರಲ್ಲ. (2025ರ ಅಹಮದಾಬಾದ್ ದುರಂತದಲ್ಲಿ ಪ್ರಾಥಮಿಕ ವರದಿಯಲ್ಲಿದ್ದ ಪೈಲಟ್‌ಗಳ ಮಾತಿನ ಒಂದೇ ಸಾಲನ್ನು, ಅದರಲ್ಲಿ ಯಾರು ಯಾರಿಗೆ ಹೇಳಿದರೆಂಬುದೇ ಇರಲಿಲ್ಲ, ಹಿಡಿದುಕೊಂಡು ಜಗತ್ತೇ ತೀರ್ಪು ಕೊಟ್ಟದ್ದು ನೆನಪಿರಬಹುದು. ಅದು ದೊಡ್ಡ ವಿಮಾನದ ವಿಷಯ, ಇಲ್ಲಿಗೆ ಬಿಡುತ್ತೇನೆ.)

ಪೈಲಟ್ ತಪ್ಪೇ ಮಾಡುವುದಿಲ್ಲ ಎಂದು ನಾನು ವಾದಿಸುತ್ತಿಲ್ಲ. ಸಣ್ಣ ವಿಮಾನಗಳ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಸಾವು ಒಂದಿದೆ: ಹಾರಿದ ಕೂಡಲೇ ಎಂಜಿನ್ ಕೈಕೊಡುತ್ತದೆ, ಪೈಲಟ್ ಎದುರಿಗಿರುವ ಹೊಲವನ್ನು ಬಿಟ್ಟು ರನ್‌ವೇಗೆ ಮರಳಲು ಕಡಿದಾಗಿ ತಿರುಗುತ್ತಾನೆ, ರೆಕ್ಕೆ ಎತ್ತುವ ಬಲ ಕಳೆದುಕೊಂಡು ವಿಮಾನ ಸುತ್ತುತ್ತ ಬೀಳುತ್ತದೆ. 45 ಡಿಗ್ರಿ ವಾಲಿಸಿ ಎತ್ತರ ಕಾಯ್ದುಕೊಂಡು ತಿರುಗಿದರೆ ರೆಕ್ಕೆ ಕೈಬಿಡುವ ವೇಗ ಶೇ. 19ರಷ್ಟು ಏರುತ್ತದೆ, 60 ಡಿಗ್ರಿಗೆ ಶೇ. 41ರಷ್ಟು. ಇದು ಎಲ್ಲ ಪಠ್ಯಪುಸ್ತಕಗಳಲ್ಲಿದೆ, ಎಲ್ಲ ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ಬರೆದಿರುತ್ತಾರೆ. ಅಂಥ ವರದಿಯಲ್ಲಿ ಪೈಲಟ್‌ನ ತಿರುವು ಕಾರಣವೆಂದು ಬರೆಯುವುದು ನ್ಯಾಯವೇ. ಆದರೆ ಎಂಜಿನ್ ಯಾಕೆ ನಿಂತಿತು, ಎದುರಿಗಿನ ಹೊಲದಲ್ಲಿ ಇಳಿಸುವುದನ್ನು ಆತ ಎಷ್ಟು ಸಲ ಅಭ್ಯಾಸ ಮಾಡಿದ್ದ, ವಿಮಾನ ಮುರಿದರೆ ನನ್ನ ತಲೆಗೇ ಬರುತ್ತದೆಂಬ ಭಯ ಆ ಶಾಲೆಯಲ್ಲಿತ್ತೇ ಎಂಬುದನ್ನೂ ಅದೇ ವರದಿ ಕೇಳಬೇಕು. ಈ ಕೊನೆಯದು ಬೋಲ್ಟಿನ ರಂಧ್ರದಲ್ಲಿ ಸಿಗುವುದಿಲ್ಲ, ಜತೆಗೆ ಕಲಿತ ಹುಡುಗರು ಹೆದರದೆ ಮಾತಾಡಿದರೆ ಸಿಗುತ್ತದೆ. ಅವರು ಹೆದರದೆ ಮಾತಾಡಲೆಂದೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ, ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ಹೊಣೆ ಹೊರಿಸುವುದಲ್ಲ ಎಂದು ಹೇಳಿದೆ. ನಮ್ಮಲ್ಲಿ 2012ರಲ್ಲಿ ಡಿಜಿಸಿಎಯಿಂದ ಬೇರೆಯಾಗಿ ಅಪಘಾತ ತನಿಖಾ ಬ್ಯೂರೋ ಹುಟ್ಟಿದ್ದೂ ಇದೇ ತತ್ವದ ಮೇಲೆ. ಲೈಸೆನ್ಸ್ ಕೊಡುವವರೇ ತಮ್ಮ ಮೇಲ್ವಿಚಾರಣೆಯ ಲೋಪವನ್ನು ತಾವೇ ತನಿಖೆ ಮಾಡುವುದು ಸರಿಯಲ್ಲವಲ್ಲ.

ಕರಗಿಹೋಗುವ ಕಾರಣ

ಬೆಳಗಾವಿಯ ಮಳೆಗಾಲವನ್ನು ಬಲ್ಲವರಿಗೆ ಒಂದು ವಿಷಯ ಹೇಳಬೇಕು. ಜುಲೈಯಲ್ಲಿ ಇಲ್ಲಿ ಮಧ್ಯಾಹ್ನವೂ 25 ಡಿಗ್ರಿಯ ಆಸುಪಾಸು, ಬಟ್ಟೆ ವಾರವಾದರೂ ಒಣಗದ ತೇವ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ವಿಮಾನದ ಎಂಜಿನ್ನಿಗೆ ಇದು ಅತ್ಯಂತ ಕೆಟ್ಟ ಹವೆ. ಪೆಟ್ರೋಲ್ ಆವಿಯಾಗುವಾಗ ಕಾರ್ಬುರೇಟರಿನ ಕಿರಿದಾದ ಕಂಠದಲ್ಲಿ ಶಾಖ 20 ಡಿಗ್ರಿಗೂ ಹೆಚ್ಚು ಇಳಿಯಬಲ್ಲದು, ಆಗ ಗಾಳಿಯಲ್ಲಿನ ತೇವ ಅಲ್ಲೇ ಮಂಜುಗಡ್ಡೆಯಾಗಿ ಕಟ್ಟುತ್ತದೆ, ಎಂಜಿನ್ ಉಸಿರುಗಟ್ಟುತ್ತದೆ. ಥ್ರಾಟಲ್ ಮುಚ್ಚಿ ಜಾರುತ್ತಿರುವಾಗ, ಎಂದರೆ ಮಾಮಾನ ಹೊಲದ ಮೇಲೆ ಮಾಡುವ ಅದೇ ಅಭ್ಯಾಸದ ವೇಳೆ, ಅಪಾಯ ಇನ್ನೂ ಹೆಚ್ಚು. ಅದಕ್ಕೇ ಬಿಸಿಗಾಳಿ ಬಿಡುವ ಗುಂಡಿಯೊಂದನ್ನು ಕೊಟ್ಟಿರುತ್ತಾರೆ. ಫ್ಯೂಯಲ್ ಇಂಜೆಕ್ಷನ್ ಇರುವ ಹೊಸ ಎಂಜಿನ್ನುಗಳಿಗೆ ಈ ಕಾಟವಿಲ್ಲ.

ತನಿಖಾಧಿಕಾರಿ ಬರುವ ಹೊತ್ತಿಗೆ ಆ ಮಂಜುಗಡ್ಡೆ ಇರುವುದಿಲ್ಲ. ಎಂಜಿನ್ ಬಿಚ್ಚಿದರೆ ಎಲ್ಲವೂ ಸರಿಯಾಗಿರುತ್ತದೆ, ಬೆಂಚಿನ ಮೇಲಿಟ್ಟರೆ ಸಲೀಸಾಗಿ ಓಡಲೂಬಹುದು. ಅವರ ಬಳಿ ಇರುವುದು ಆ ಹೊತ್ತಿನ ಹವಾಮಾನದ ದಾಖಲೆ, ಉಷ್ಣತೆ ಮತ್ತು ತೇವದ ನಕ್ಷೆ, ಬಿಸಿಗಾಳಿಯ ಗುಂಡಿ ಯಾವ ಸ್ಥಿತಿಯಲ್ಲಿ ಸಿಕ್ಕಿತು ಎಂಬುದು, ಅದೂ ಯಾರೂ ಮುಟ್ಟಿಲ್ಲದಿದ್ದರೆ. ಇಂಥ ವರದಿಗಳು ಬಹಳ ಸಲ "ಎಂಜಿನ್ ಶಕ್ತಿ ಕಳೆದುಕೊಂಡಿತು, ಕಾರಣ ನಿರ್ಧರಿಸಲಾಗಲಿಲ್ಲ" ಎಂದು ಮುಗಿಯುತ್ತವೆ. ಓದುಗರಿಗೆ ಅದು ಕೈತೊಳೆದುಕೊಂಡಂತೆ ಕಾಣುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ನಾನೂ ಅಂಥ ವರದಿಗೆ ಸಹಿ ಹಾಕಿದ್ದೇನೆ, ಗಿರಾಕಿಗಳು ಸಿಟ್ಟಾಗಿದ್ದಾರೆ. ಮುಖ ತುಕ್ಕು ಹಿಡಿದ ತುಂಡಿನಿಂದ ಕಾರಣ ಓದಲಾಗದು ಎಂದಿದ್ದರೆ ಹಾಗೆಂದೇ ಬರೆಯಬೇಕು, ಖಾಲಿ ಜಾಗಕ್ಕೆ ಡ್ರೈವರನನ್ನು ತುಂಬಬಾರದು.

ಈಚೆಗೆ ನಾನು ಮತ್ತು ಸಹೋದ್ಯೋಗಿಯೊಬ್ಬರು ಸೇರಿ ಕನ್ನಡದಲ್ಲಿ ಒಂದು ಪುಟ ಬರೆದೆವು. ಸಾಂಬ್ರಾ, ಬಾಳೇಕುಂದ್ರಿ, ಮುತಗಾ, ಹೊನ್ನಿಹಾಳ, ಮಾರಿಹಾಳದ ಹೊಲದಲ್ಲಿ ವಿಮಾನ ಬಿದ್ದರೆ ಮೊದಲು ಓಡಿಬರುವವರು ಊರವರೇ. ಅವರಿಗೆ ನಾವು ಅದರಲ್ಲಿ ಹೇಳಿದ್ದು ಇಷ್ಟು: ಮೊದಲು ಜೀವ ಉಳಿಸಿರಿ, ಅದಕ್ಕಾಗಿ ಏನನ್ನು ಮುರಿಯಬೇಕಾದರೂ ಮುರಿಯಿರಿ. ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಬೀಡಿ, ಬೆಂಕಿ ದೂರವಿರಲಿ. ಪ್ರೊಪೆಲ್ಲರ್ ನಿಂತಿದ್ದರೂ ಮುಟ್ಟಬೇಡಿ. ಕೈಯಿಂದ ತಿರುಗಿಸಿದರೆ ಮ್ಯಾಗ್ನೆಟೊ ಕಿಡಿ ಹಾರಿಸಿ ಎಂಜಿನ್ ಒಮ್ಮೆಲೇ ಒದೆಯಬಹುದು. ಕೆಲವು ಸಣ್ಣ ವಿಮಾನಗಳ ಒಡಲಲ್ಲಿ ಇಡೀ ವಿಮಾನಕ್ಕೆ ಕಟ್ಟಿದ ಪ್ಯಾರಾಶೂಟ್ ಇರುತ್ತದೆ, ಅದನ್ನು ಹೊರಚಿಮ್ಮಿಸುವ ರಾಕೆಟ್ ಸಿಡಿದಿರದಿದ್ದರೆ ಅಪಾಯ. ಗಾಯಾಳುಗಳನ್ನು ಹೊರತಂದ ಮೇಲೆ ಹಗ್ಗ ಕಟ್ಟಿ, ಯಾರನ್ನೂ ಒಳಗೆ ಬಿಡಬೇಡಿ. ದೂರದಲ್ಲಿ ಬಿದ್ದ ತಗಡನ್ನು ಎತ್ತಬೇಡಿ, ಅದು ಇದ್ದಲ್ಲಿಯೇ ಫೋಟೊ ತೆಗೆದು ಪೊಲೀಸರಿಗೆ ತೋರಿಸಿರಿ.

ಮಾಮಾ ಹಿಂದೊಮ್ಮೆ ಪಂಚಾಯಿತಿ ಸದಸ್ಯನಾಗಿದ್ದವ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. "ಚೊಲೊ ಐತಿ. ಮರಾಠಿಯೊಳಗೂ ಒಂದು ಮಾಡು, ಅರ್ಧ ಮಂದಿ ಅದನ್ನ ಓದವರು" ಎಂದ. ಎಂಜಿನ್ ವಿಷಯದಲ್ಲಿ ಮಾತ್ರ ಆತ ಇನ್ನೂ ಬಗ್ಗಿಲ್ಲ. ನಂತರ ಪಿಡಿಒ ಅವರ ಮುಂದೆ ಪುಟವನ್ನಿಟ್ಟಾಗ ನಾವು ಯೋಚಿಸಿಯೇ ಇರದ ಪ್ರಶ್ನೆಯನ್ನು ಮಾಮಾನೇ ಎತ್ತಿದ: "ಹಗ್ಗ ಕಟ್ಟಿ ಕಾಯ್ರಿ ಅಂತ ಬರದೀರಿ. ದಿಲ್ಲಿಯವ್ರು ಬಂದು ನೋಡಿ ಹೋಗೂತನಕ ಆ ಹೊಲದಾಗಿನ ಬೆಳಿ ಹಾಳಾದ್ರ ರೊಕ್ಕ ಯಾರ ಕೊಡ್ತಾರ? ಅದನ್ನ ಬರೀಲಿಲ್ಲಂದ್ರ ಹೊಲದವನ ಮೊದಲು ಟ್ರ್ಯಾಕ್ಟರ್ ಹಚ್ಚಿ ಜಗ್ಗಿ ಒಗೀತಾನ ನೋಡ್ರಿ." ಪಿಡಿಒ ನಕ್ಕರು, ಆದರೆ ಆ ಪ್ರಶ್ನೆಯನ್ನು ಪುಟದ ಕೆಳಗೆ ಪೆನ್ನಿನಿಂದ ಬರೆದುಕೊಂಡರು. ಪುಟ ಈಗ ತಹಶೀಲ್ದಾರರ ಕಚೇರಿಯಲ್ಲಿದೆ; ಆ ಸಾಲಿಗೆ ಉತ್ತರ ಬಂದ ಮೇಲೆಯೇ ಅಚ್ಚು ಹಾಕಿಸುವುದೆಂದು ಆಗಿದೆ.